ಗುಂಟೆ ಲೆಕ್ಕ ಬಾರದ ಡೇಟಾ ಸೈನ್ಸ್

ಪಹಣಿಯಲ್ಲಿ ಒಂದು ಸರ್ವೆ ನಂಬರಿನ ವಿಸ್ತೀರ್ಣ 1.30 ಎಂದಿದೆ. ಪಕ್ಕದ ಇನ್ನೊಂದರದೂ 1.30. ಎರಡೂ ಸೇರಿದರೆ ಎಷ್ಟು? ಕಂಪ್ಯೂಟರ್ 2.60 ಎನ್ನುತ್ತದೆ. ಹೊಲ ಮಾಡುವ ಯಾರನ್ನೇ ಕೇಳಿದರೂ ಮೂರು ಎಕರೆ ಇಪ್ಪತ್ತು ಗುಂಟೆ, ಅಂದರೆ ಮೂರೂವರೆ ಎಕರೆ ಎನ್ನುತ್ತಾರೆ. ಚುಕ್ಕಿಯಾಚೆ ಇರುವುದು ದಶಮಾಂಶವಲ್ಲ, ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಭೂಮಿ ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿ ಎರಡು ದಶಕ ದಾಟಿದೆ. ಅಂಥ ದತ್ತಾಂಶವನ್ನು ಕೈಗೆತ್ತಿಕೊಂಡು, ಇಪ್ಪತ್ತು ಸಾಲು ಪೈಥಾನ್ ಬರೆದು, ತಾಲ್ಲೂಕಿನ ಒಟ್ಟು ಸಾಗುವಳಿಯ ಬಣ್ಣದ ನಕ್ಷೆ ತೆಗೆಯುವುದು ಈಗ ಅರ್ಧ ಗಂಟೆಯ ಕೆಲಸ. ನಕ್ಷೆ ಚೆನ್ನಾಗಿಯೇ ಬರುತ್ತದೆ. ಲೆಕ್ಕ ಮಾತ್ರ ತಪ್ಪಿರುತ್ತದೆ, ತಪ್ಪಿದೆ ಎಂದು ಯಾವ ಸಾಫ್ಟ್‌ವೇರೂ ಕೆಂಪು ಗೆರೆ ಎಳೆದು ತೋರಿಸುವುದಿಲ್ಲ.

ಹೆಸರಿನ ಕಾಲಂಗೆ ಹೋದರೆ ಇನ್ನೊಂದು ಪೇಚು. ಮಂಜುನಾಥ, ಮಂಜುನಾಥ್, ಬಿ. ಮಂಜುನಾಥ, ಮಂಜುನಾಥ ಬಿನ್ ಬಸಪ್ಪ. ಇವರು ನಾಲ್ಕು ಜನವೇ, ಒಬ್ಬರೇ? ಊರಿನ ಗ್ರಾಮ ಆಡಳಿತಾಧಿಕಾರಿಗೆ ಗೊತ್ತು. ಯಂತ್ರಕ್ಕೆ ಗೊತ್ತಾಗಬೇಕಾದರೆ ಯಾರಾದರೂ ಕೂತು ನಿಯಮ ಬರೆಯಬೇಕು, ಆ ನಿಯಮ ಎಷ್ಟು ಸಲ ಎಡವುತ್ತದೆ ಎಂದು ಅಳೆಯಬೇಕು. ಡೇಟಾ ಸೈನ್ಸ್ ಎಂಬ ಕೆಲಸದ ದೊಡ್ಡ ಪಾಲು ಇದೇ. ಜಾಹೀರಾತಿನಲ್ಲಿ ಮಿನುಗುವ ನೀಲಿ ಮೆದುಳಿನ ಚಿತ್ರಕ್ಕೂ ಇದಕ್ಕೂ ಸಂಬಂಧ ಕಡಿಮೆ.

ಪದವಿ ಫಲಿತಾಂಶ ಬಂದ ಕೂಡಲೇ ಡೇಟಾ ಸೈನ್ಸ್ ಮತ್ತು ಅನಲಿಟಿಕ್ಸ್ ಸ್ನಾತಕೋತ್ತರ ಕೋರ್ಸುಗಳ ಜಾಹೀರಾತು ಶುರುವಾಗುತ್ತದೆ. ಬಿ.ಎಸ್ಸಿ., ಬಿ.ಸಿ.ಎ., ಬಿ.ಕಾಂ. ಮುಗಿಸಿದ ಮಕ್ಕಳು, ಅವರಿಗಿಂತ ಹೆಚ್ಚಾಗಿ ಅವರ ತಂದೆ-ತಾಯಿ, ಒಂದೇ ಪ್ರಶ್ನೆ ಕೇಳುತ್ತಾರೆ: ಇದಕ್ಕೆ ಸ್ಕೋಪ್ ಇದೆಯೇ? ಸ್ಕೋಪ್ ಇದೆ. ಆದರೆ ಕೇಳಬೇಕಾದ ಪ್ರಶ್ನೆ ಅದಲ್ಲ. ಈ ಹೆಸರಿನ ಪದವಿಗಳಲ್ಲಿ ಎರಡು ಜಾತಿ. ಒಂದು, ಸಂಖ್ಯಾಶಾಸ್ತ್ರವನ್ನು ಬೆನ್ನೆಲುಬಾಗಿ ಇಟ್ಟುಕೊಂಡು ಕಂಪ್ಯೂಟರನ್ನು ಕೈಯಾಗಿ ಬಳಸುವುದು. ಇನ್ನೊಂದು, ಸಾಫ್ಟ್‌ವೇರ್ ಸಲಕರಣೆಗಳ ಪಟ್ಟಿಯನ್ನೇ ನಾಲ್ಕು ಸೆಮಿಸ್ಟರಿಗೆ ಹಂಚಿ ಪದವಿ ಎಂದು ಕರೆಯುವುದು. ಮೊದಲನೆಯದಕ್ಕೆ ಎರಡು ವರ್ಷ ಕೊಟ್ಟರೆ ನಷ್ಟವಿಲ್ಲ. ಎರಡನೆಯದಕ್ಕೆ ಸಾಲ ಮಾಡಿ ಹೋಗುವುದು ದಂಡ.

ಈ ಜ್ವರ ಹತ್ತಿದ್ದಕ್ಕೆ ಒಂದು ಇತಿಹಾಸವಿದೆ. ಅನಲಿಟಿಕ್ಸ್ ಹೆಸರಿನ ಸ್ನಾತಕೋತ್ತರ ಪದವಿಯನ್ನು ಅಮೆರಿಕದಲ್ಲಿ ಮೊದಲು ತೆರೆದದ್ದು ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ, 2007ರಲ್ಲಿ. ಹತ್ತು ತಿಂಗಳ ಕೋರ್ಸು. ಅದರಲ್ಲಿ ಬಹುಪಾಲು ತಿಂಗಳು ಯಾವುದಾದರೂ ಸಂಸ್ಥೆಯ ನಿಜವಾದ ದತ್ತಾಂಶದ ಮೇಲೆ ವಿದ್ಯಾರ್ಥಿಗಳು ತಂಡ ಕಟ್ಟಿಕೊಂಡು ದುಡಿಯಬೇಕು. ಆಗ ಇದು ಯಾರ ಗಮನಕ್ಕೂ ಬರಲಿಲ್ಲ. 2012ರ ಅಕ್ಟೋಬರ್‌ನಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಥಾಮಸ್ ಡೇವನ್‌ಪೋರ್ಟ್ ಮತ್ತು ಡಿ.ಜೆ. ಪಾಟೀಲ್ ಬರೆದ ಲೇಖನ, ಡೇಟಾ ಸೈಂಟಿಸ್ಟ್ ಎಂಬುದು ಈ ಶತಮಾನದ ಅತ್ಯಂತ ಮೋಹಕ ಉದ್ಯೋಗ ಎಂದು ಸಾರಿತು. ಪಾಟೀಲ್ 2015ರಲ್ಲಿ ಅಮೆರಿಕ ಸರ್ಕಾರದ ಮೊದಲ ಮುಖ್ಯ ಡೇಟಾ ಸೈಂಟಿಸ್ಟ್ ಆಗಿ ಶ್ವೇತಭವನ ಸೇರಿದರು. ಅಲ್ಲಿಂದಾಚೆ ವಿಶ್ವವಿದ್ಯಾಲಯಗಳು ಸುಮ್ಮನೆ ಕೂರಲಿಲ್ಲ.

ಅದರ ಮೇಲೆ ವೀಸಾ ಬಂತು. 2022ರ ಜನವರಿಯಲ್ಲಿ ಅಮೆರಿಕದ ಗೃಹಭದ್ರತಾ ಇಲಾಖೆ ವಿಜ್ಞಾನ-ತಂತ್ರಜ್ಞಾನ ವಿಷಯಗಳ ತನ್ನ ಪಟ್ಟಿಗೆ 22 ಹೊಸ ವಿಷಯಗಳನ್ನು ಸೇರಿಸಿತು. ಡೇಟಾ ಸೈನ್ಸ್, ಡೇಟಾ ಅನಲಿಟಿಕ್ಸ್, ಬಿಸಿನೆಸ್ ಅನಲಿಟಿಕ್ಸ್ ಅದರೊಳಗಿದ್ದವು. ಆ ಪಟ್ಟಿಯಲ್ಲಿರುವ ವಿಷಯ ಓದಿದ ವಿದೇಶಿ ವಿದ್ಯಾರ್ಥಿ ಓದು ಮುಗಿಸಿದ ಮೇಲೆ ಒಂದು ವರ್ಷದ ಬದಲು ಮೂರು ವರ್ಷ ಅಲ್ಲಿ ದುಡಿಯಬಹುದು. ಸಾಲ ತೀರಿಸುವ ಲೆಕ್ಕದಲ್ಲಿ ಆ ಎರಡು ವರ್ಷ ಎಂದರೆ ಏನೆಂದು ಬ್ಯಾಂಕಿನ ಮುಂದೆ ನಿಂತ ಪ್ರತಿ ತಂದೆಗೂ ಗೊತ್ತು.

ಈ ಪದವಿಯಲ್ಲಿ ಪಾಠಕ್ಕೆ ಎಷ್ಟು ಬೆಲೆ, ವೀಸಾಕ್ಕೆ ಎಷ್ಟು ಬೆಲೆ ಎಂದು ಬೇರೆ ಮಾಡಿ ನೋಡಲು ಒಂದು ದಾರಿಯಿದೆ. ಜಾರ್ಜಿಯಾ ಟೆಕ್ ತನ್ನ ಅನಲಿಟಿಕ್ಸ್ ಎಂ.ಎಸ್. ಪದವಿಯನ್ನು 2017ರಲ್ಲಿ ಆನ್‌ಲೈನಿಗೆ ತಂದಾಗ ಒಟ್ಟು ಶುಲ್ಕವನ್ನು 10 ಸಾವಿರ ಡಾಲರ್ ಒಳಗೆ ಇಟ್ಟಿತು. ಅದೇ ಸಂಸ್ಥೆಯ ಕ್ಯಾಂಪಸ್ಸಿಗೆ ಹೋಗಿ ಓದುವ ವಿದೇಶಿ ವಿದ್ಯಾರ್ಥಿಗೆ ಅದರ ಹಲವು ಪಟ್ಟು ಆಗುತ್ತದೆ, ಮನೆ ಬಾಡಿಗೆ ಬೇರೆ. ಹುಬ್ಬಳ್ಳಿಯಲ್ಲಿ ಕೂತು ಓದಿದರೂ ಪಾಠ ಸಿಗುತ್ತದೆ, ವೀಸಾ ಸಿಗುವುದಿಲ್ಲ. ವ್ಯತ್ಯಾಸದ ಹಣದಲ್ಲಿ ಬಹುಪಾಲು ಅಲ್ಲಿನ ನೆಲದ ಮೇಲೆ ಕಾಲಿಡುವುದಕ್ಕೆ. ಅದನ್ನು ಕೊಡಬಾರದೆಂದಲ್ಲ, ಯಾವುದಕ್ಕೆ ಕೊಡುತ್ತಿದ್ದೇವೆ ಎಂದು ತಿಳಿದು ಕೊಡಬೇಕು. ಯಾಕೆಂದರೆ ಆ ನೆಲದ ನಿಯಮ ಬರೆಯುವವರು ವಿಶ್ವವಿದ್ಯಾಲಯದವರಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಉದ್ಯೋಗ ವೀಸಾ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಎಂಬ ಆದೇಶ ದಿಢೀರನೆ ಬಂತು. ಅಮೆರಿಕದಲ್ಲೇ ಓದುತ್ತಿದ್ದು ಅಲ್ಲೇ ವೀಸಾ ಬದಲಿಸಿಕೊಳ್ಳುವವರಿಗೆ ಇದು ತಾಗದು ಎಂಬ ಸ್ಪಷ್ಟನೆ ಬಂದದ್ದು ಅಕ್ಟೋಬರ್‌ನಲ್ಲಿ. ನಡುವಿನ ಆ ಒಂದು ತಿಂಗಳು ಮಕ್ಕಳನ್ನು ಅಲ್ಲಿಗೆ ಕಳಿಸಿದ ಮನೆಗಳಲ್ಲಿ ನಿದ್ದೆ ಹೇಗೆ ಬಂದಿರಬೇಕು! ಬ್ರಿಟನ್ನಿನಲ್ಲೂ 2024ರ ಜನವರಿಯಿಂದ ಒಂದು ವರ್ಷದ ಎಂ.ಎಸ್ಸಿ.ಗೆ ಹೋಗುವವರು ಗಂಡ, ಹೆಂಡತಿ, ಮಕ್ಕಳನ್ನು ಜತೆಗೆ ಕರೆದೊಯ್ಯುವಂತಿಲ್ಲ.

ಉದ್ಯೋಗದ ಅಂಕಿಗಳ ಕಡೆಗೊಂದು ನೋಟ. ಅಮೆರಿಕದ ಕಾರ್ಮಿಕ ಅಂಕಿಅಂಶ ಬ್ಯೂರೊ 2023ರಿಂದ 2033ರ ನಡುವೆ ಡೇಟಾ ಸೈಂಟಿಸ್ಟ್ ಹುದ್ದೆಗಳು ಶೇ 36ರಷ್ಟು ಬೆಳೆಯುತ್ತವೆ ಎಂದು ಅಂದಾಜಿಸಿತು. ಇದು ಕೋರ್ಸು ಮಾರುವವರೆಲ್ಲರ ಬಾಯಲ್ಲೂ ಇರುವ ಅಂಕಿ. ಅದೇ ಅಂದಾಜಿನ ಇನ್ನೊಂದು ಕಾಲಂ ಯಾರೂ ಓದುವುದಿಲ್ಲ: 2023ರಲ್ಲಿ ಅಲ್ಲಿದ್ದ ಅಂಥ ಹುದ್ದೆಗಳು ಸುಮಾರು 2 ಲಕ್ಷ. ಅಂದರೆ ಹತ್ತು ವರ್ಷದಲ್ಲಿ ಹೆಚ್ಚುವುದು ಇಡೀ ದೇಶಕ್ಕೆ 73 ಸಾವಿರದ ಆಸುಪಾಸು, ವರ್ಷಕ್ಕೆ ಏಳು ಸಾವಿರ ಚಿಲ್ಲರೆ. ಬಿಟ್ಟುಹೋದವರ ಜಾಗ ತುಂಬುವ ನೇಮಕ ಇದರ ಮೇಲೆ ಇರುತ್ತದೆ ನಿಜ, ಆದರೂ ಶೇಕಡಾವಾರು ಕೊಟ್ಟು ಬುಡದ ಅಂಕಿ ಮುಚ್ಚಿಟ್ಟರೆ ಎಂಥ ಚಿತ್ರ ಮೂಡುತ್ತದೆ ನೋಡಿ. ಇದನ್ನು ಹಿಡಿಯಲು ಬಾರದವರು ಡೇಟಾ ಸೈನ್ಸ್ ಓದಿ ಏನು ಮಾಡಬೇಕು? ಬೆಂಗಳೂರಿನ ಮಟ್ಟಿಗೆ ಹೇಳುವುದಾದರೆ, ಪದವಿ ಮುಗಿಸಿ ಬಂದವರಿಗೆ ಮೊದಲು ಸಿಗುವುದು ಸಾಮಾನ್ಯವಾಗಿ ಡೇಟಾ ಅನಲಿಸ್ಟ್ ಕೆಲಸ: ಎಸ್‌ಕ್ಯುಎಲ್, ಎಕ್ಸೆಲ್, ಪವರ್ ಬಿಐ, ಸೋಮವಾರ ಬೆಳಿಗ್ಗೆಗೆ ಮ್ಯಾನೇಜರ್ ಕೇಳಿದ ವರದಿ. ಕೆಟ್ಟ ಕೆಲಸವೇನಲ್ಲ. ಮಾಡೆಲ್ ಕಟ್ಟುವ ಕೆಲಸ ಅಲ್ಲಿಂದ ಎರಡು ಮೂರು ಮೆಟ್ಟಿಲು ಆಚೆ.

ಆ ಮೆಟ್ಟಿಲು ಹತ್ತಿಸುವುದು ಸಲಕರಣೆಗಳ ಪರಿಚಯವಲ್ಲ. ಹತ್ತು-ಹನ್ನೆರಡು ವರ್ಷಗಳ ಹಿಂದೆ ಬಯೋಡೇಟಾದಲ್ಲಿ ಹಡೂಪ್ ಎಂದು ಬರೆದರೆ ಸಂದರ್ಶನಕ್ಕೆ ಕರೆ ಬರುತ್ತಿತ್ತು. ಇವತ್ತು ಆ ಪದಕ್ಕೆ ಆ ಬೆಲೆಯಿಲ್ಲ. ಪೈಥಾನ್ ಸಾಲುಗಳನ್ನು ಚಾಟ್‌ಬಾಟ್‌ಗಳೇ ಬರೆದುಕೊಡುತ್ತಿವೆ. ಬರೆದದ್ದು ಸರಿಯೇ ಎಂದು ಹೇಳುವವರ ಬೆಲೆ ಹಾಗಾಗಿ ಏರಿದೆಯೇ ಹೊರತು ಇಳಿದಿಲ್ಲ. ಸಂಭವನೀಯತೆ, ಸ್ಯಾಂಪ್ಲಿಂಗ್, ಎರಡು ಸಂಗತಿಗಳು ಜತೆಯಾಗಿ ಏರಿಳಿದರೆ ಒಂದು ಇನ್ನೊಂದಕ್ಕೆ ಕಾರಣವೇ ಎಂಬ ವಿಚಾರ, ಇವು ಹಳತಾಗುವುದಿಲ್ಲ. ಸಿಲಬಸ್ ಅಳೆಯಲು ವಿದ್ಯಾರ್ಥಿಗೆ ಅಳತೆಗೋಲು ಬೇಕೆಂದರೆ ಗೇಟ್ ಪರೀಕ್ಷೆಯ ಡೇಟಾ ಸೈನ್ಸ್ ಮತ್ತು ಕೃತಕ ಬುದ್ಧಿಮತ್ತೆ ಪತ್ರಿಕೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2024ರ ಗೇಟ್ ನಡೆಸಿದಾಗ ಮೊದಲ ಸಲ ಬಂದದ್ದು. ಅದರ ಏಳು ಭಾಗಗಳಲ್ಲಿ ಮೊದಲ ಮೂರೂ ಗಣಿತ: ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರ, ಲೀನಿಯರ್ ಆಲ್ಜೀಬ್ರಾ, ಕ್ಯಾಲ್ಕುಲಸ್ ಮತ್ತು ಆಪ್ಟಿಮೈಸೇಷನ್. ಮಷೀನ್ ಲರ್ನಿಂಗ್ ಬರುವುದು ಆರನೆಯದಾಗಿ. ಈ ಕ್ರಮ ಸುಮ್ಮನೆ ಬಂದದ್ದಲ್ಲ.

ಗಣಿತ ಹಿಂದೆ ಬಿದ್ದು ದತ್ತಾಂಶದ ರಾಶಿ ಮುಂದೆ ಬಂದಾಗ ಏನಾಗುತ್ತದೆ ಎಂಬುದಕ್ಕೆ ಗೂಗಲ್ ಫ್ಲೂ ಟ್ರೆಂಡ್ಸ್ ಎಂಬ ಪ್ರಸಂಗವಿದೆ. ಜ್ವರ ಬಂದವರು ವೈದ್ಯರ ಬಳಿ ಹೋಗುವ ಮುನ್ನ ಗೂಗಲ್‌ನಲ್ಲಿ ಹುಡುಕುತ್ತಾರೆ, ಆ ಹುಡುಕಾಟದಿಂದಲೇ ಫ್ಲೂ ಎಲ್ಲಿ ಎಷ್ಟಿದೆ ಎಂದು ಸರ್ಕಾರಕ್ಕಿಂತ ಮೊದಲು ಹೇಳಬಹುದು ಎಂಬ ಲೆಕ್ಕಾಚಾರದಲ್ಲಿ 2008ರಲ್ಲಿ ಅದು ಶುರುವಾಯಿತು. ಐದು ಕೋಟಿ ಹುಡುಕು ಪದಗಳನ್ನು ಫ್ಲೂ ಅಂಕಿಗಳೊಂದಿಗೆ ಹೋಲಿಸಿ 45ನ್ನು ಆರಿಸಿದ್ದರು. ಅಷ್ಟೊಂದು ಪದಗಳನ್ನು ಜಾಲಾಡಿದರೆ ಯಾವುದಾದರೂ ಹೊಂದಿಕೊಳ್ಳದೆ ಇರುತ್ತದೆಯೇ? ಶಾಲಾ ಬಾಸ್ಕೆಟ್‌ಬಾಲ್ ಪಂದ್ಯಗಳ ಹುಡುಕಾಟವೂ ಫ್ಲೂ ಜತೆ ಚೆನ್ನಾಗಿ ಹೊಂದುತ್ತಿತ್ತು, ಏಕೆಂದರೆ ಅಲ್ಲಿ ಎರಡೂ ಚಳಿಗಾಲದಲ್ಲಿ ಬರುತ್ತವೆ. ಅಂಥವನ್ನು ಕೈಯಿಂದ ಹೆಕ್ಕಿ ತೆಗೆಯಬೇಕಾಯಿತು. ಕೈಗೆ ಸಿಗದೆ ಉಳಿದವೆಷ್ಟೋ. 2011ರ ಆಗಸ್ಟ್‌ನಿಂದ ಮುಂದಿನ 108 ವಾರಗಳಲ್ಲಿ 100 ವಾರ ಅದು ಫ್ಲೂವನ್ನು ಇದ್ದದ್ದಕ್ಕಿಂತ ಹೆಚ್ಚಾಗಿ ತೋರಿಸಿತ್ತೆಂದು 2014ರಲ್ಲಿ ಸೈನ್ಸ್ ಪತ್ರಿಕೆಯ ಲೇಖನವೊಂದು ಲೆಕ್ಕ ಕೊಟ್ಟಿತು. ಮರುವರ್ಷ ಗೂಗಲ್ ಅಂಗಡಿ ಮುಚ್ಚಿತು. ಮನೆಗಳ ಬೆಲೆಯನ್ನು ಕಂಪ್ಯೂಟರಿನಿಂದ ಊಹಿಸಿ ತಾನೇ ಕೊಂಡು ಮಾರಲು ಹೋದ ಝಿಲ್ಲೋ ಕಂಪನಿಯ ಕಥೆಯೂ ಹೆಚ್ಚುಕಡಿಮೆ ಹೀಗೆಯೇ: 2021ರ ನವೆಂಬರ್‌ನಲ್ಲಿ ಆ ವ್ಯಾಪಾರವನ್ನೇ ನಿಲ್ಲಿಸಿ, ಸಿಬ್ಬಂದಿಯಲ್ಲಿ ಕಾಲು ಭಾಗವನ್ನು ಮನೆಗೆ ಕಳಿಸಿತು.

ಒಳ್ಳೆಯ ಸ್ನಾತಕೋತ್ತರ ತರಗತಿ ಏನು ಕಲಿಸಬಲ್ಲದು ಎಂದು ತೋರಿಸಲು ಒಂದು ಹೋಂವರ್ಕ್ ಸಾಕು. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆ್ಯಮ್‌ಹರ್ಸ್ಟ್ ಕ್ಯಾಂಪಸ್ಸಿನಲ್ಲಿ ಅರ್ಥಶಾಸ್ತ್ರದ ಸಂಶೋಧನಾ ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ ಕೊಟ್ಟಿದ್ದರು: ಪ್ರಕಟವಾದ ಯಾವುದಾದರೂ ಪ್ರಬಂಧ ತೆಗೆದುಕೊಳ್ಳಿ, ಅದರ ದತ್ತಾಂಶದಿಂದ ಅದೇ ಉತ್ತರ ಬರುತ್ತದೆಯೇ ಮಾಡಿ ತೋರಿಸಿ. ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಆರಿಸಿಕೊಂಡದ್ದು ಹಾರ್ವರ್ಡ್‌ನ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ ಅವರ 2010ರ ಪ್ರಬಂಧವನ್ನು. ಸರ್ಕಾರದ ಸಾಲ ದೇಶದ ಒಟ್ಟು ಉತ್ಪನ್ನದ ಶೇ 90 ದಾಟಿದರೆ ಬೆಳವಣಿಗೆ ಕುಸಿಯುತ್ತದೆ, ಸರಾಸರಿ ಮೈನಸ್ 0.1ಕ್ಕೆ ಇಳಿಯುತ್ತದೆ ಎಂದು ಅದು ಹೇಳಿತ್ತು. ಯುರೋಪು, ಅಮೆರಿಕಗಳಲ್ಲಿ ಸರ್ಕಾರಿ ಖರ್ಚಿಗೆ ಕತ್ತರಿ ಹಾಕಬೇಕೆಂದವರು ಇದನ್ನು ಹಿಡಿದು ವಾದಿಸುತ್ತಿದ್ದರು. ಹರ್ನ್‌ಡನ್ ಎಷ್ಟು ಗುದ್ದಾಡಿದರೂ ಆ ಉತ್ತರ ಬರಲಿಲ್ಲ. ಲೇಖಕರಿಗೇ ಬರೆದು ಮೂಲ ಎಕ್ಸೆಲ್ ಹಾಳೆ ತರಿಸಿಕೊಂಡರು. ಸರಾಸರಿಯ ಸೂತ್ರ 30ನೇ ಸಾಲಿನಿಂದ 49ರವರೆಗೆ ಹೋಗಬೇಕಿತ್ತು, 44ಕ್ಕೇ ನಿಂತಿತ್ತು. ಐದು ದೇಶಗಳು ಲೆಕ್ಕದಿಂದ ಹೊರಗೆ.

2013ರಲ್ಲಿ ಇದು ಹೊರಬಿದ್ದಾಗ ಪತ್ರಿಕೆಗಳು ಬರೆದದ್ದೆಲ್ಲ ಎಕ್ಸೆಲ್ ತಪ್ಪಿನ ಬಗ್ಗೆ. ಹರ್ನ್‌ಡನ್ ಮತ್ತು ಅವರ ಪ್ರಾಧ್ಯಾಪಕರು ತೋರಿಸಿದ ದೊಡ್ಡ ದೋಷ ಬೇರೆಡೆ ಇತ್ತು. ಕೆಲವು ದೇಶಗಳ ಕೆಲವು ವರ್ಷಗಳು ಲೆಕ್ಕಕ್ಕೆ ಬಂದಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಸಾಲ ಶೇ 90 ಮೀರಿದ್ದ ಬ್ರಿಟನ್ನಿನ 19 ವರ್ಷಗಳಿಗೂ ನ್ಯೂಜಿಲೆಂಡಿನ ಒಂದೇ ಒಂದು ಕೆಟ್ಟ ವರ್ಷಕ್ಕೂ ಸರಾಸರಿಯಲ್ಲಿ ಸಮನಾದ ತೂಕ ಕೊಡಲಾಗಿತ್ತು. ಎಲ್ಲ ಸರಿಪಡಿಸಿದರೆ ಮೈನಸ್ 0.1 ಇದ್ದದ್ದು 2.2 ಆಯಿತು. ಸೂತ್ರದ ತಪ್ಪನ್ನು ಸಾಫ್ಟ್‌ವೇರ್ ತಿಳಿದವರು ಹಿಡಿದಾರು. ತೂಕದ ತಪ್ಪು ಕಣ್ಣಿಗೆ ಬೀಳಬೇಕಾದರೆ ಸಂಖ್ಯಾಶಾಸ್ತ್ರ ಓದಿರಬೇಕು, ಸರಾಸರಿ ಎಂದ ಕೂಡಲೇ ಯಾವುದರ ಸರಾಸರಿ ಎಂದು ಕೇಳುವ ಚಾಳಿ ಇರಬೇಕು. ನಮ್ಮ ಎಷ್ಟು ಡೇಟಾ ಸೈನ್ಸ್ ತರಗತಿಗಳಲ್ಲಿ ಇಂಥ ಹೋಂವರ್ಕ್ ಇದೆ? ಟೈಟಾನಿಕ್ ಹಡಗಿನಲ್ಲಿ ಯಾರು ಬದುಕಿದರು ಎಂದು ಊಹಿಸುವ ಸಿದ್ಧ ಅಭ್ಯಾಸವನ್ನು ವರ್ಷ ವರ್ಷವೂ ಒಪ್ಪಿಸುವುದೇ ಪ್ರಾಜೆಕ್ಟ್ ಆದರೆ ಕಲಿಯುವುದು ಅಷ್ಟಕ್ಕಷ್ಟೆ.

ಈ ಶಾಸ್ತ್ರದ ಮೊದಲ ಸಾಲಿನ ಹೆಸರುಗಳಲ್ಲಿ ಒಂದು ನಮ್ಮ ನೆಲದ್ದು. ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ, ಈಗ ವಿಜಯನಗರ ಜಿಲ್ಲೆಯಲ್ಲಿರುವ ಹೂವಿನಹಡಗಲಿಯಲ್ಲಿ, ತೆಲುಗು ಮನೆಮಾತಿನ ಕುಟುಂಬದಲ್ಲಿ. ಗಣಿತದಲ್ಲಿ ಎಂ.ಎ. ಮಾಡಿ ಕೆಲಸ ಹುಡುಕಿಕೊಂಡು ಕಲ್ಕತ್ತಾಕ್ಕೆ ಹೋದ ತರುಣ ಕೊನೆಗೆ ಸೇರಿದ್ದು ಮಹಾಲನೋಬಿಸ್ ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ತರಬೇತಿಗೆ. ಕಲ್ಕತ್ತಾ ವಿಶ್ವವಿದ್ಯಾಲಯ ಆಗಷ್ಟೇ ಸಂಖ್ಯಾಶಾಸ್ತ್ರದಲ್ಲಿ ಎಂ.ಎ. ಆರಂಭಿಸಿತ್ತು, ರಾವ್ 1943ರಲ್ಲಿ ಚಿನ್ನದ ಪದಕದೊಂದಿಗೆ ಅದನ್ನು ಮುಗಿಸಿದರು. 1945ರಲ್ಲಿ ಕಲ್ಕತ್ತಾ ಗಣಿತ ಸಂಘದ ಪತ್ರಿಕೆಯಲ್ಲಿ ಬಂದ ಅವರ ಒಂದು ಪ್ರಬಂಧ ಇಂದಿಗೂ ಜಗತ್ತಿನ ಪಠ್ಯಗಳಲ್ಲಿ ಅವರ ಹೆಸರಿನಲ್ಲೇ ಓಡಾಡುತ್ತಿದೆ. 2023ರಲ್ಲಿ, ತೀರಿಕೊಂಡ ವರ್ಷವೇ, ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಅವರಿಗೆ ಸಂದಿತು. ಕಂಪ್ಯೂಟರ್ ಇಲ್ಲದ ಕಾಲದ ಎರಡು ವರ್ಷಗಳ ಆ ಓದು ಇಷ್ಟು ದೂರ ಬಂದಿದೆ. ಆ ಸಂಸ್ಥೆಯ ಬೆಂಗಳೂರು ಕೇಂದ್ರ ಮೈಸೂರು ರಸ್ತೆಯಲ್ಲಿದೆ. ಸಂಸ್ಥೆಯ ಎಂ.ಸ್ಟ್ಯಾಟ್. ಪದವಿಗೆ ಪ್ರವೇಶ ಪರೀಕ್ಷೆ ಕಠಿಣ, ಆದರೆ ಗೆದ್ದವರಿಗೆ ಲಕ್ಷಗಟ್ಟಲೆ ಶುಲ್ಕದ ಬದಲು ತಿಂಗಳ ಸ್ಟೈಪೆಂಡ್. ಊರೆಲ್ಲ ಹೊಳೆಯುವ ಕೋರ್ಸುಗಳ ಹಿಂದೆ ಓಡುತ್ತಿರುವಾಗ ಇಂಥದ್ದರ ಸುದ್ದಿ ಪದವಿ ಕಾಲೇಜುಗಳ ನೋಟಿಸ್ ಬೋರ್ಡಿಗೂ ತಲುಪುವುದಿಲ್ಲ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಮೈಸೂರು ವಿಶ್ವವಿದ್ಯಾಲಯ, ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿ ಸಂಖ್ಯಾಶಾಸ್ತ್ರ ವಿಭಾಗಗಳಿವೆ. ಡೇಟಾ ಸೈನ್ಸ್ ಕೋರ್ಸು ತೆರೆಯುವವರು ಮೊದಲು ಬಾಗಿಲು ತಟ್ಟಬೇಕಾದದ್ದು ಇಲ್ಲಿ. ಕಂಪ್ಯೂಟರ್ ವಿಭಾಗವೇ ಒಂಟಿಯಾಗಿ ಕೋರ್ಸು ಕಟ್ಟಿ, ಸಂಖ್ಯಾಶಾಸ್ತ್ರಕ್ಕೆ ಒಬ್ಬ ಅತಿಥಿ ಉಪನ್ಯಾಸಕರನ್ನು ಕರೆದು ಮುಗಿಸಿದರೆ ಹಳೆಯ ಎಂ.ಸಿ.ಎ.ಗೆ ಹೊಸ ಬೋರ್ಡ್ ಹಾಕಿದಂತೆ ಆಗುತ್ತದೆ.

ಕೆಲಸ ಮಾಡಲು ದತ್ತಾಂಶಕ್ಕೂ ಬರವಿಲ್ಲ. 1988ರಲ್ಲಿ ಬರ ಗಮನಿಸುವ ಘಟಕವಾಗಿ ಶುರುವಾದ ಸಂಸ್ಥೆ ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. ಮಲೆನಾಡಿನ ಅಡಿಕೆ, ಕಾಳುಮೆಣಸಿಗೆ ಹವಾಮಾನ ಆಧರಿತ ವಿಮೆಯ ಪರಿಹಾರ ನಿಂತಿರುವುದು ಇಂಥ ಮಾಪಕದ ಅಂಕಿಯ ಮೇಲೆ. ಒಂದು ಮಾಪಕದ ಬ್ಯಾಟರಿ ಕೈಕೊಟ್ಟು ನಾಲ್ಕು ದಿನ ಮಾಹಿತಿ ಬರಲಿಲ್ಲ ಎನ್ನಿ. ಆ ಖಾಲಿ ಕೋಣೆಯನ್ನು ಸೊನ್ನೆ ಎಂದು ತುಂಬಿದರೆ ಜಡಿಮಳೆಯಲ್ಲಿ ಕೊಳೆರೋಗ ಬಂದ ತೋಟದಲ್ಲಿ ಮಳೆಯೇ ಆಗಿಲ್ಲ ಎಂದಾಗುತ್ತದೆ. ಪಕ್ಕದ ಪಂಚಾಯಿತಿಯ ಅಂಕಿ ತಂದು ಹಾಕೋಣವೇ? ಘಟ್ಟದ ಈ ಮಗ್ಗುಲಿನ ಮಳೆ ಆ ಮಗ್ಗುಲಿಗಿರುವುದಿಲ್ಲ. ಯಾವ ಊಹೆ ಎಷ್ಟು ತಪ್ಪಬಹುದು, ಆ ತಪ್ಪಿನಿಂದ ಯಾರ ಹಣ ಯಾರ ಕೈಗೆ ಹೋಗುತ್ತದೆ? ಎಂ.ಎಸ್ಸಿ. ವಿದ್ಯಾರ್ಥಿಗೆ ಒಂದಿಡೀ ಸೆಮಿಸ್ಟರ್ ಸಾಲದ ಕೆಲಸ ಇದು, ಸಂದರ್ಶನದಲ್ಲಿ ಹತ್ತು ನಿಮಿಷ ಮಾತಾಡಬಹುದಾದ ಕೆಲಸವೂ ಹೌದು.

ಕೃಷಿ, ಅರ್ಥಶಾಸ್ತ್ರ, ವಾಣಿಜ್ಯ, ಜೀವಶಾಸ್ತ್ರ ಓದಿದವರು ಈ ಪದವಿಗೆ ಹೋಗುವುದು ಸರಿಯೇ ಎಂಬ ಅನುಮಾನಕ್ಕೂ ಉತ್ತರ ಇಲ್ಲೇ ಇದೆ. ಕೊಳೆರೋಗ ಗೊತ್ತಿರುವ ಕೃಷಿ ಪದವೀಧರೆಗೆ ಪೈಥಾನ್ ಕಲಿಸುವುದು, ಪೈಥಾನ್ ಗೊತ್ತಿರುವವರಿಗೆ ಕೊಳೆರೋಗ ಕಲಿಸುವುದಕ್ಕಿಂತ ಸುಲಭ. ಆಕೆಗೆ ಬೇಕಿರುವುದು ಗಣಿತದ ಭಯ ಬಿಡಿಸುವ ಒಂದು ಬ್ರಿಡ್ಜ್ ಕೋರ್ಸ್ ಮತ್ತು ತಾಳ್ಮೆಯ ಒಬ್ಬ ಮೇಷ್ಟ್ರು. ಕೆಲಸದಲ್ಲಿದ್ದು ಓದುವವರಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ಆನ್‌ಲೈನ್ ಎಂ.ಟೆಕ್. ಇದೆ. ಕೈಯಲ್ಲಿ ಕಾಸಿಲ್ಲದವರು ಎನ್‌ಪಿಟೆಲ್‌ನ ಉಚಿತ ಪಾಠಗಳಿಂದ ಆರಂಭಿಸಿ, ಮೊದಲು ಈ ವಿಷಯ ತಮಗೆ ಹಿಡಿಸುತ್ತದೆಯೇ ನೋಡಿಕೊಳ್ಳಬಹುದು. ಎಲ್ಲವೂ ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುವಾಗ ಪದವಿ ಯಾಕೆ ಎನ್ನುವವರೂ ಇದ್ದಾರೆ. ವಿಡಿಯೊ ಯಾರ ಲೆಕ್ಕವನ್ನೂ ತಿದ್ದುವುದಿಲ್ಲ. ಒಂದು ಚಾರ್ಟ್ ನೋಡಿ, ಇದು ಸುಳ್ಳು ಹೇಳುತ್ತಿದೆ, ಹೋಗಿ ಮತ್ತೆ ಮಾಡು ಎಂದು ಗದರುವ ಗುರುವಿಗೆ, ಪಕ್ಕದಲ್ಲಿ ಕೂತು ವಾದ ಮಾಡುವ ಸಹಪಾಠಿಗಳಿಗೆ ಕೊಡುವ ಬೆಲೆಯೇ ಕಾಲೇಜು ಶುಲ್ಕ. ಅವರಿಲ್ಲದ ಕಾಲೇಜಿಗಿಂತ ವಿಡಿಯೊ ವಾಸಿ.

ಸೀಟಿಗೆ ಮುಂಗಡ ಕಟ್ಟುವ ಮುನ್ನ ಹೀಗೆ ಮಾಡಿ. ಪ್ಲೇಸ್‌ಮೆಂಟ್ ಪೋಸ್ಟರನ್ನು ಪಕ್ಕಕ್ಕಿಟ್ಟು, ನಾಲ್ಕು ಸೆಮಿಸ್ಟರಿನ ಸಿಲಬಸ್ ಕೈಗೆ ತೆಗೆದುಕೊಂಡು, ಸಂಖ್ಯಾಶಾಸ್ತ್ರ ಮತ್ತು ಗಣಿತದ ಪತ್ರಿಕೆಗಳು ಎಷ್ಟಿವೆ ಎಣಿಸಿ. ಮೂರಕ್ಕಿಂತ ಕಡಿಮೆ ಇದ್ದರೆ ವಾಪಸ್ ಬನ್ನಿ. ಆ ಪತ್ರಿಕೆಗಳನ್ನು ಪಾಠ ಮಾಡುವವರು ಕಾಯಂ ಅಧ್ಯಾಪಕರೇ ಎಂದು ಕೇಳಿ. ಕೊನೆಗೆ, ಕಳೆದ ವರ್ಷ ಪಾಸಾದ ಯಾರಾದರೊಬ್ಬರ ಪ್ರಾಜೆಕ್ಟ್ ವರದಿ ಕೊಡಿ, ಇಲ್ಲೇ ಕೂತು ಓದಿ ಕೊಡುತ್ತೇವೆ ಎನ್ನಿ. ತೋರಿಸಲು ಒಪ್ಪದ ಕಾಲೇಜಿಗೆ ಮಗಳನ್ನೋ ಮಗನನ್ನೋ ಸೇರಿಸಬೇಡಿ.